ಹಳೆ ಚೈನ್ ಟ್ರ್ಯಾಕ್ಟರ್‌ನ ಕೆಳಭಾಗ ಮತ್ತೆ ಜೋಡಿಸೋದು: ಫ್ರೇಮ್, ರೋಲರ್, ಐಡ್ಲರ್, ಚೈನ್

ತೀರ್ಥಹಳ್ಳಿ_ಚೈನ್

ಎಲ್ಲರಿಗೂ ನಮಸ್ಕಾರ. ಗಾಡಿ ಕ್ಯಾಟರ್‌ಪಿಲ್ಲರ್ ಡಿ4, 7ಯು ಸರಣಿ, 60 ಇಂಚಿನ ಗೇಜ್ (ಎರಡು ಚೈನುಗಳ ನಡು ಗೆರೆಗಳ ಅಂತರ). 1947ರಿಂದ 1959ರವರೆಗೆ ಬಂದ ಮಾದರಿ. ಎರಡೂ ಕಡೆ ಚೈನು, ಐಡ್ಲರ್ (ಚೈನ್ ಸುತ್ತಿ ಬರೋ ಮುಂದಿನ ಚಕ್ರ), ಬಾಟಮ್ ರೋಲರ್ (ಗಾಡಿ ಭಾರ ಹೊತ್ತು ಚೈನಿನ ಮೇಲೆ ಓಡೋವು), ಟಾಪ್ ರೋಲರ್ (ಮೇಲಿನ ಸಾಲು ಹೊರೋದು) ಎಲ್ಲ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಇಟ್ಟಾಗಿದೆ. ಈಗ ಕಾಣ್ತಿರೋ ಪರಿಸ್ಥಿತಿ ಇದು:

ಎಡಗಡೆ ಎರಡು ಬಾಟಮ್ ರೋಲರ್ ತಿರುಗ್ತಾ ಇಲ್ಲ. ಬಲಗಡೆ ಒಂದು ರೋಲರ್ ಕೈಯಲ್ಲಿ ಅಲ್ಲಾಡಿಸಿದ್ರೆ ಲೊಡಲೊಡ ಅನ್ನುತ್ತೆ. ಚೈನು ಹಳೇ ಡ್ರೈ ಪಿನ್ನಿನದು, ಸೀಲ್ ಇಲ್ಲ, ಎಂಟು ಹತ್ತು ಜಾಯಿಂಟ್ ತುಕ್ಕು ಹಿಡಿದು ಬಿಗಿ ಆಗಿದೆ. ಸ್ಪ್ರಾಕೆಟ್ (ಚೈನ್ ಎಳೆಯೋ ಹಿಂದಿನ ಹಲ್ಲುಚಕ್ರ) ಹಲ್ಲು ಒಂದು ಮುಖ ಜಾಸ್ತಿ ತಿಂದಿದೆ. ಎಡ ಐಡ್ಲರ್‌ನ ನಡುವಿನ ಫ್ಲೇಂಜು (ಉಬ್ಬು ಅಂಚು) ಒಳಬದಿಯಲ್ಲಿ ಮಾತ್ರ ಕನ್ನಡಿ ಹಾಗೆ ಹೊಳೀತಿದೆ, ಹೊರಬದಿ ತುಕ್ಕು ಹಾಗೇ ಇದೆ.

ಯಾವುದನ್ನು ಮೊದಲು ಕೂರಿಸಬೇಕು? ಪಿನ್ನು, ಅದರ ಸುತ್ತಿನ ಬುಷ್ (ಕೊಳವೆ) ಸವೆಯದ ಬದಿ ಬರೋ ಹಾಗೆ ತಿರುಗಿಸಿ ಹಾಕೋದು ಲಾಭವೋ, ಚೈನೇ ಬೇರೆ ಹುಡುಕಬೇಕೋ? ನಮ್ಮ ಕಡೆ ಮಳೆ, ಕೆಸರಿಗೆ ಚೈನ್ ಎಷ್ಟು ಸಡಿಲ ಬಿಡಬೇಕು? ಗೊತ್ತಿರೋರು ಬಿಡಿಸಿ ಬರೀರಿ.

ಹಳೆಕಬ್ಬಿಣ

ನಿಮ್ಮ ಪ್ರಶ್ನೆಗೆ ಉತ್ತರ ಆ ಎಡ ಐಡ್ಲರ್‌ನ ಹೊಳಪಲ್ಲೇ ಇದೆ. ಒಂದೇ ಬದಿ ಹೊಳೀತಿದೆ ಅಂದ್ರೆ ಎಡ ಟ್ರ್ಯಾಕ್ ಫ್ರೇಮ್ (ರೋಲರ್, ಐಡ್ಲರ್ ಕೂರೋ ಉದ್ದ ಚೌಕಟ್ಟು) ನೇರ ನಿಂತಿಲ್ಲ. ಅದನ್ನು ಸರಿಪಡಿಸದೆ ಹೊಸ ಚೈನು ತಂದು ಹಾಕಿದ್ರೂ ಅದೇ ಬದಿ ಮತ್ತೆ ಸವೆಯುತ್ತೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಫೈನಲ್ ಡ್ರೈವ್ (ಸ್ಪ್ರಾಕೆಟ್ ತಿರುಗಿಸೋ ಕೊನೇ ಗೇರ್ ಪೆಟ್ಟಿಗೆ) ಸೀಲ್, ಆಮೇಲೆ ಫ್ರೇಮ್ ಮತ್ತು ಅದನ್ನು ನೇರ ಹಿಡಿಯೋ ಡಯಾಗೊನಲ್ ಬ್ರೇಸ್ (ಓರೆ ತೋಳು), ಆಮೇಲೆ ರೋಲರ್, ಆಮೇಲೆ ಐಡ್ಲರ್, ಕೊನೆಗೆ ಚೈನು. ಚೈನಿಗೆ ದುಡ್ಡು ಹಾಕೋದು ಕೊನೇ ಮಾತು.

ಫೈನಲ್ ಡ್ರೈವ್ ಯಾಕೆ ಮೊದಲು ಅಂದ್ರೆ, ಸ್ಪ್ರಾಕೆಟ್ ಹಿಂದಿನ ಬೆಲ್ಲೋಸ್ ಸೀಲ್ (ಮಡಿಕೆ ಮಡಿಕೆ ತೆಳು ಲೋಹದ ಸೀಲ್) ಬದಲಿಸಬೇಕಾದ್ರೆ ಸ್ಪ್ರಾಕೆಟ್ ಎಳೀಬೇಕು, ಸ್ಪ್ರಾಕೆಟ್ ಎಳೀಬೇಕಾದ್ರೆ ಚೈನು ಬಿಚ್ಚಬೇಕು. ಈಗ ಎಲ್ಲ ಬಿಚ್ಚಿರೋವಾಗಲೇ ಡ್ರೈನ್ ಪ್ಲಗ್ ತೆಗೆದು ಆಯಿಲ್ ನೋಡಿ. ಹಾಲು ಬೆರೆಸಿದಂತೆ ಬಂದ್ರೆ ನೀರು ಒಳಗೆ ಹೋಗಿದೆ, ಸೀಲ್ ಹೋಗಿದೆ. ಸ್ಪ್ರಾಕೆಟ್ ಬೆನ್ನಿಗೆ ಎಣ್ಣೆ ಮಣ್ಣು ಸೇರಿ ಗಟ್ಟಿ ಕೂತಿದ್ರೂ ಅದೇ ಅರ್ಥ.

ಗಾಡಿ ಎತ್ತಿ ನಿಲ್ಲಿಸೋದರ ಬಗ್ಗೆ ಒಂದು ಮಾತು. ಬ್ಲೇಡ್ ಇಲ್ಲದೆಯೂ ಇದು ನಾಲ್ಕು ಟನ್ ದಾಟುತ್ತೆ. ಜಾಕಿ ಎತ್ತಲಿಕ್ಕೆ ಮಾತ್ರ, ನಿಲ್ಲಿಸಲಿಕ್ಕೆ ಅಲ್ಲ. ಮತ್ತಿ ಮರದ ದಿಮ್ಮಿ ಅಥವಾ ಹಳೇ ರೈಲ್ವೆ ಸ್ಲೀಪರ್ ಅಡ್ಡ ಉದ್ದ ಪೇರಿಸಿ, ಹಿಂದೆ ಟ್ರಾನ್ಸ್‌ಮಿಷನ್ ಕೇಸ್ ಅಡಿ, ಮುಂದೆ ಕ್ರ್ಯಾಂಕ್‌ಕೇಸ್ ಗಾರ್ಡ್ ಬಲವಾಗಿರೋ ಕಡೆ ಕೊಡಿ. ಕಲ್ಲು, ಜಂಬಿಟ್ಟಿಗೆ ಇಟ್ಟಿಗೆ ಇಡಬೇಡಿ. ಜಂಬಿಟ್ಟಿಗೆ ಭಾರಕ್ಕೆ ಹೇಳದೆ ಕೇಳದೆ ಪುಡಿ ಆಗುತ್ತೆ. ಶೆಡ್ಡಿನ ನೆಲ ಮಣ್ಣಿನದಾದ್ರೆ ದಿಮ್ಮಿ ಕೆಳಗೆ ದಪ್ಪ ಹಲಗೆ ಹಾಸಿ, ಒಂದು ಮಳೆ ಬಿದ್ರೆ ನೆಲ ಕುಸಿಯುತ್ತೆ.

ತೀರ್ಥಹಳ್ಳಿ_ಚೈನ್

ಎಡಗಡೆ ಆಯಿಲ್ ಹಾಲಿನ ಬಣ್ಣವೇ ಇದೆ. ಬಲಗಡೆ ಕಪ್ಪು, ಆದರೆ ನೀರಿಲ್ಲ. ಫ್ರೇಮ್ ನೇರ ಇದೆಯಾ ಅಂತ ಅಳೆಯೋದು ಹೇಗೆ?

ಹಳೆಕಬ್ಬಿಣ

ಎರಡೂ ಫ್ರೇಮ್ ಜಾಗದಲ್ಲಿ ಕೂರಿಸಿ, ಐಡ್ಲರ್‌ಗಳನ್ನು ತಾತ್ಕಾಲಿಕ ಇಡಿ. ಹಿಂದೆ ಎಡ ಸ್ಪ್ರಾಕೆಟ್ ಹಲ್ಲಿನ ನಡು ಗೆರೆಯಿಂದ ಬಲ ಸ್ಪ್ರಾಕೆಟ್ ಹಲ್ಲಿನ ನಡು ಗೆರೆಗೆ ಟೇಪ್ ಹಿಡೀರಿ. 60 ಇಂಚು, ಅಂದ್ರೆ 1524 ಮಿ.ಮೀ. ಬರಬೇಕು. ಮುಂದೆ ಎರಡು ಐಡ್ಲರ್‌ಗಳ ಫ್ಲೇಂಜ್ ನಡುವಿಂದ ನಡುವಿಗೂ ಅಷ್ಟೇ ಬರಬೇಕು. ಮುಂದೆ ಜಾಸ್ತಿ ಬಂದ್ರೆ ಫ್ರೇಮ್ ಹೊರಗೆ ಬಾಗಿದೆ, ಕಡಿಮೆ ಬಂದ್ರೆ ಒಳಗೆ.

ಎರಡೂ ಅಳತೆ ಸರಿ ಬಂದ್ರೂ ಎರಡೂ ಫ್ರೇಮ್ ಒಂದೇ ದಿಕ್ಕಿಗೆ ಓರೆ ಇರಬಹುದು. ಅದಕ್ಕೆ ಕೋನದಿಂದ ಕೋನಕ್ಕೆ, ಎಡ ಸ್ಪ್ರಾಕೆಟ್‌ನಿಂದ ಬಲ ಐಡ್ಲರ್, ಬಲ ಸ್ಪ್ರಾಕೆಟ್‌ನಿಂದ ಎಡ ಐಡ್ಲರ್ ಅಳೆದು ಹೋಲಿಸಿ. ಎರಡೂ ಐಡ್ಲರ್ ಅಡ್ಜಸ್ಟರ್‌ನಲ್ಲಿ (ಐಡ್ಲರ್ ಮುಂದೆ ಹಿಂದೆ ಸರಿಸಿ ಚೈನ್ ಬಿಗಿ ಮಾಡೋ ಭಾಗ) ಒಂದೇ ಮಟ್ಟಕ್ಕೆ ಹಿಂದಕ್ಕಿರಬೇಕು, ಇಲ್ಲದಿದ್ರೆ ಈ ಅಳತೆಗೆ ಅರ್ಥ ಇಲ್ಲ. ಟೇಪಿಗೆ ಅಡ್ಡ ಬರೋ ಕಡೆ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ ಅಳೀರಿ.

ಫ್ರೇಮ್ ಓರೆ ಹೋಗೋದು ಸಾಮಾನ್ಯವಾಗಿ ಡಯಾಗೊನಲ್ ಬ್ರೇಸ್‌ನ ಒಳತುದಿ ಬುಷ್ ಸವೆದು, ಇಲ್ಲಾ ಅದರ ಕ್ಯಾಪ್ ಬೋಲ್ಟ್ ಸಡಿಲ ಆಗಿ. ಹಾರೆ ಕೊಟ್ಟು ಫ್ರೇಮ್ ಮುಂತುದಿ ಪಕ್ಕಕ್ಕೆ ಮೀಟಿ ನೋಡಿ. ಒಳತುದಿಯಲ್ಲಿ ಒಂದು ಮಿ.ಮೀ. ಸಡಿಲ ಇದ್ರೆ ಮುಂದೆ ಐಡ್ಲರ್ ಹತ್ರ ಅದು ಹಲವು ಮಿ.ಮೀ. ಆಗುತ್ತೆ. ಬ್ರೇಸ್ ತೋಳಲ್ಲೇ ಬಿರುಕು ಇದೆಯಾ ಅಂತ ವೈರ್ ಬ್ರಷ್ ಹೊಡೆದು, ಸೀಮೆಎಣ್ಣೆ ಸವರಿ ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡಿ. ಬಿರುಕಿದ್ರೆ ಎಣ್ಣೆ ಗೆರೆಯಾಗಿ ಮೇಲೆ ಬರುತ್ತೆ.

ಮುಂದಿನ ಈಕ್ವಲೈಜರ್ ಸ್ಪ್ರಿಂಗ್ ಕಟ್ಟೂ (ಎರಡು ಫ್ರೇಮಿಗೆ ಭಾರ ಹಂಚೋ ಅಡ್ಡ ಪಟ್ಟಿಗಳು) ಈಗಲೇ ನೋಡಿ. ನಡು ಬೋಲ್ಟ್ ತುಂಡಾಗಿ ಎಲೆಗಳು ಪಕ್ಕಕ್ಕೆ ಸರಿದಿದ್ರೆ ಗಾಡಿ ಒಂದು ಕಡೆ ವಾಲುತ್ತೆ. ಬಯಲಿನ ಕಬ್ಬಿನ ಗದ್ದೆಯಲ್ಲಿ ಅದು ನಡೆದೀತು, ನಮ್ಮ ಕಡೆ ಗುಡ್ಡದ ಓರೆಯಲ್ಲಿ ನಡೆಯಲ್ಲ.

ಲೇತ್_ಮಾಚೇನಹಳ್ಳಿ

ರೋಲರ್ ಬಗ್ಗೆ ನಾನು ಬರೀತೀನಿ.

ಬಿಚ್ಚಿದ ಮೇಲೆ ಮೂರು ಅಳತೆ ತಗೊಳ್ಳಿ: ರೋಲರ್ ಓಡೋ ಮುಖದ ವ್ಯಾಸ, ಶಾಫ್ಟ್‌ನ ವ್ಯಾಸ, ಬುಷ್‌ನ ಒಳವ್ಯಾಸ. ಶಾಫ್ಟನ್ನು ಮೇಲೆ ಕೆಳಗೆ ಒಂದು ಸಲ, 90 ಡಿಗ್ರಿ ತಿರುಗಿಸಿ ಇನ್ನೊಂದು ಸಲ ಅಳೀರಿ. ಶಾಫ್ಟ್ ತಿರುಗೋದಿಲ್ಲ, ಭಾರ ಯಾವಾಗಲೂ ಒಂದೇ ಬದಿ ಬೀಳುತ್ತೆ, ಹಾಗಾಗಿ ಅದು ಒಂದೇ ಬದಿ ಸವೆಯುತ್ತೆ. ಕೊಮಾಟ್ಸು ನಮೂನೆಯ ಗಾಡಿಗಳಲ್ಲಿ ಶಾಫ್ಟ್ ಮತ್ತು ಬುಷ್ ನಡುವಿನ ಸಡಿಲ 1.5 ಮಿ.ಮೀ. ದಾಟಿದ್ರೆ ಬುಷ್ ಬದಲು ಅಂತ ಲೆಕ್ಕ. ನಿಮ್ಮದಕ್ಕೂ ಅದಕ್ಕಿಂತ ಜಾಸ್ತಿ ಬಿಡಬೇಡಿ. ಸಡಿಲ ಹೆಚ್ಚಿದ ಹಾಗೆ ರೋಲರ್ ಓಲಾಡುತ್ತೆ, ಸೀಲ್ ಮುಖ ಬಾಯಿ ಬಿಡುತ್ತೆ, ಕೆಸರು ಒಳಗೆ ಹೋಗುತ್ತೆ.

ಹೊಸ ಬುಷ್ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್‌ನಲ್ಲಿ ತಿರುಗಿಸಬಹುದು. ಎರಕಕ್ಕೆ ಶಿವಮೊಗ್ಗ, ಭದ್ರಾವತಿ ಬಿಟ್ಟು ಹೊರಗೆ ಹೋಗೋ ಅಗತ್ಯ ಇಲ್ಲ. ಹಿತ್ತಾಳೆ ಸರಳು ತಂದುಕೊಟ್ಟು ಇದರಲ್ಲೇ ಮಾಡಿ ಅನ್ನೋರಿದ್ದಾರೆ, ಒಪ್ಪಬೇಡಿ, ಈ ಭಾರಕ್ಕೆ ಹಿತ್ತಾಳೆ ನಿಲ್ಲಲ್ಲ. ಒಳವ್ಯಾಸ ಸ್ವಲ್ಪ ಕಮ್ಮಿ ಇಟ್ಟು ಪ್ರೆಸ್ ಮಾಡಿ, ಕೂತ ಮೇಲೆ ಕೊನೇ ಅಳತೆಗೆ ಬೋರಿಂಗ್ ಅಥವಾ ರೀಮರ್ ಹೊಡೀರಿ. ಪ್ರೆಸ್ ಮಾಡಿದಾಗ ಬುಷ್ ಒಳಕ್ಕೆ ಕುಗ್ಗುತ್ತೆ. ಮೊದಲೇ ಪೂರ್ತಿ ಅಳತೆಗೆ ತಿರುಗಿಸಿಟ್ರೆ ಶಾಫ್ಟ್ ಹೋಗಲ್ಲ, ಬಲವಂತದಿಂದ ಹೊಡೆದು ಕೂರಿಸಿದ್ರೆ ಅರ್ಧ ಗಂಟೆ ಓಡೋದ್ರೊಳಗೆ ಹಿಡಿದುಕೊಳ್ಳುತ್ತೆ. ಎಣ್ಣೆ ಕಾಲುವೆ ಶಾಫ್ಟ್‌ನ ರಂಧ್ರಕ್ಕೆ ಎದುರಾಗಿ ಬರಬೇಕು. ಹೊಸದರಲ್ಲಿ 0.2ರಿಂದ 0.4 ಮಿ.ಮೀ. ಸಡಿಲ ಇರಲಿ. ಬಸ್ಸಿನ ಎಂಜಿನ್ ಬುಷ್ ಥರ ಬಿಗಿ ಮಾಡಬೇಡಿ.

ಬೆಲ್ಲೋಸ್ ಸೀಲ್‌ನ ಉಜ್ಜೋ ಮುಖಗಳನ್ನು ದಪ್ಪ ಗಾಜಿನ ಮೇಲೆ ಸಣ್ಣ ಲ್ಯಾಪಿಂಗ್ ಪೇಸ್ಟ್ ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಪೂರ್ತಿ ಸುತ್ತು ಒಂದೇ ಬೂದು ಬಣ್ಣ ಬರೋ ತನಕ. ಬೆಲ್ಲೋಸ್‌ನ ತೆಳು ಲೋಹದಲ್ಲಿ ಸೂಜಿ ಮೊನೆಯಷ್ಟು ತೂತಿದ್ರೂ ಅದು ಕೆಲಸಕ್ಕೆ ಬಾರದು, ದೀಪಕ್ಕೆ ಹಿಡಿದು ನೋಡಿ.

ರೋಲರ್ ಮುಖ ಸವೆದದ್ದಕ್ಕೆ ವೆಲ್ಡಿಂಗ್ ಮಾಡೋದಾದ್ರೆ ಬುಷ್, ಸೀಲ್ ಎಲ್ಲ ತೆಗೆದಿಟ್ಟು ಮಾಡಿ. 150ರಿಂದ 200 ಡಿಗ್ರಿ ತನಕ ಮೊದಲು ಕಾಯಿಸಿ, ಸುತ್ತಲೂ ಸಮನಾಗಿ ಕಟ್ಟಿ, ಆಮೇಲೆ ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತಿಟ್ಟು ನಿಧಾನ ಆರಲು ಬಿಡಿ. ಕೆಂಪಗಿರೋದರ ಮೇಲೆ ನೀರು ಎರಚಿದ್ರೆ ಫ್ಲೇಂಜ್ ಬುಡದಲ್ಲಿ ಕೂದಲೆಳೆ ಬಿರುಕು ಖಂಡಿತ. ಆಮೇಲೆ ಲೇತ್‌ನಲ್ಲಿ ಒಂದು ಕಡೆಯ ಐದೂ ಬಾಟಮ್ ರೋಲರ್ ಒಂದೇ ವ್ಯಾಸಕ್ಕೆ ತನ್ನಿ. ಒಂದು ದಪ್ಪ ಉಳಿದ್ರೆ ಆ ಕಡೆಯ ಭಾರ ಎಲ್ಲ ಅದೇ ಹೊರುತ್ತೆ, ಮೊದಲು ಹೋಗೋದೂ ಅದೇ.

ಸೊರಬ_ಡಿ50

ನಮ್ಮದು ಬಿಇಎಂಎಲ್ ಡಿ50 ಡೋಜರ್. ಅದರಲ್ಲಿ ಬೆಲ್ಲೋಸ್ ಇಲ್ಲ, ಫ್ಲೋಟಿಂಗ್ ಸೀಲ್ (ರಬ್ಬರ್ ರಿಂಗ್ ಮೇಲೆ ಕೂರೋ ಕಬ್ಬಿಣದ ಉಂಗುರ). ಅಂಥದ್ದು ಇರೋರಿಗೆ: ರಬ್ಬರ್ ರಿಂಗ್ ಕೂರೋ ಜಾಗ ಮತ್ತು ರಿಂಗ್ ಎರಡೂ ಒಣಗಿರಬೇಕು, ಎಣ್ಣೆ ಗ್ರೀಸ್ ಸೋಕಬಾರದು. ಎಣ್ಣೆ ತಾಗಿದ್ರೆ ರಿಂಗ್ ಜಾರಿ ಸೀಲ್ ಅಲ್ಲೇ ಸುತ್ತುತ್ತೆ. ಕಬ್ಬಿಣದ ಮುಖಕ್ಕೆ ಮಾತ್ರ ತೆಳುವಾಗಿ ಎಣ್ಣೆ ಸವರಿ. ಕೂರಿಸಿದ ಮೇಲೆ ಸುತ್ತ ನಾಲ್ಕು ಕಡೆ ಅಳೆದು ನೋಡಿ, ಓರೆ 1 ಮಿ.ಮೀ. ಒಳಗಿರಬೇಕು.

ಎಣ್ಣೆ ತುಂಬೋ ಮೊದಲು ಗಾಳಿ ಪರೀಕ್ಷೆ. ಪ್ಲಗ್ ತೂತಿಗೆ 1 ಕೆ.ಜಿ. ಒತ್ತಡ ಕೊಟ್ಟು ಮುಚ್ಚಿ, 10 ಸೆಕೆಂಡ್ ಗೇಜಿನ ಮುಳ್ಳು ಇಳೀಬಾರದು. ಹೆಚ್ಚು ಗಾಳಿ ಕೊಟ್ಟು ನೋಡೋಣ ಅನ್ನಬೇಡಿ, ಸೀಲ್ ಹೊರಗೆ ತಳ್ಳಿಕೊಂಡು ಬರುತ್ತೆ. ಆಮೇಲೆ 30 ನಂಬರ್ ಎಂಜಿನ್ ಆಯಿಲ್.

ತೀರ್ಥಹಳ್ಳಿ_ಚೈನ್

ನಮ್ಮ ರೋಲರ್‌ಗೆ ಶಾಫ್ಟ್ ತುದಿಯಲ್ಲಿ ಪ್ಲಗ್ ಇದೆ. ಅದಕ್ಕೆ ಮಾಮೂಲಿ ಚಾಸಿ ಗ್ರೀಸ್ ಹೊಡೆದ್ರೆ ಆಗುತ್ತಾ?

ಲೇತ್_ಮಾಚೇನಹಳ್ಳಿ

ಬೇಡ. ಚಾಸಿ ಗ್ರೀಸ್ ಗಟ್ಟಿ. ಒಳಗೆ ಒಂದು ದಾರಿ ಕೊರೆದುಕೊಂಡು ಅಲ್ಲೇ ನಿಲ್ಲುತ್ತೆ, ಬುಷ್ ಒಣಗೇ ಇರುತ್ತೆ, ಚಳಿಗಾಲದ ಬೆಳಿಗ್ಗೆ ಇನ್ನೂ ಗಟ್ಟಿ. ಈ ರೋಲರ್‌ಗಳಿಗೆ ಹರಿಯೋ ಗ್ರೀಸ್ ಬೇಕು, ದರ್ಜೆ 0 ಅಥವಾ 00. ಸಿಗದಿದ್ರೆ 140 ನಂಬರ್ ಗೇರ್ ಆಯಿಲ್. ಪ್ಲಗ್ ತೆಗೆದು ಶಾಫ್ಟ್ ಒಳಗೆ ಆಳಕ್ಕೆ ಹೋಗೋ ಉದ್ದ ನಳಿಕೆ ಹಾಕಿ ನಿಧಾನ ಪಂಪ್ ಮಾಡಿದ್ರೆ ಹಳೇದು ನಳಿಕೆಯ ಸುತ್ತಿಂದ ಹೊರಗೆ ಬರುತ್ತೆ. ಹೊಸ ಬಣ್ಣ ಬಂತು ಅಂದ್ರೆ ನಿಲ್ಲಿಸಿ. ಗಾಳಿ ಒತ್ತಡದ ಗ್ರೀಸ್ ಗನ್ ಇದಕ್ಕೆ ಹಿಡೀಬೇಡಿ, ಬೆಲ್ಲೋಸ್ ಒಡೆಯುತ್ತೆ.

ಕೂರಿಸೋವಾಗ ಪ್ಲಗ್ ಇರೋ ತುದಿ ಹೊರಗಡೆಗೆ ಬರಲಿ. ಒಂದು ಸಲ ಒಳಗಾದ್ರೆ ಚೈನ್ ಹಾಕಿದ ಮೇಲೆ ಕೈ ಹೋಗಲ್ಲ.

ಹಳೆಕಬ್ಬಿಣ

ರೋಲರ್ ಜಾಗದ ವಿಚಾರ ಸೇರಿಸ್ತೀನಿ. ಐದರಲ್ಲಿ ಕೆಲವು ಸಿಂಗಲ್ ಫ್ಲೇಂಜ್, ಕೆಲವು ಡಬಲ್ ಫ್ಲೇಂಜ್. ಐಡ್ಲರ್ ಪಕ್ಕ ಒಂದು, ಸ್ಪ್ರಾಕೆಟ್ ಪಕ್ಕ ಒಂದು, ಇವೆರಡು ಸಿಂಗಲ್ ಆಗಿರಬೇಕು. ಡಬಲ್ ಫ್ಲೇಂಜಿನ ಒಳಗೋಡೆ ಸ್ಪ್ರಾಕೆಟ್ ಹಲ್ಲು, ಐಡ್ಲರ್ ಫ್ಲೇಂಜ್ ಇರೋ ಸಾಲಿನಲ್ಲೇ ಬರುತ್ತೆ, ಅಲ್ಲಿ ಜಾಗ ಸಾಲದು. ಐದು ರೋಲರ್‌ಗೆ ಸಿಂಗಲ್, ಡಬಲ್, ಸಿಂಗಲ್, ಡಬಲ್, ಸಿಂಗಲ್. ಎಲ್ಲ ಬೋಲ್ಟ್ ಮಾಡಿದ ಮೇಲೆ ಐದರ ಅಡಿಗೂ ಉದ್ದದ ನೇರ ಪಟ್ಟಿ ಹಿಡಿದು ನೋಡಿ. ಒಂದರ ಕೆಳಗೆ 3 ಮಿ.ಮೀ.ಗಿಂತ ಸಂದು ಕಂಡ್ರೆ ಆ ರೋಲರ್ ಸುಮ್ಮನೆ ನೇತಾಡ್ತಿದೆ, ಪಕ್ಕದವು ಅದರ ಭಾರ ಹೊರ್ತಿವೆ.

ಗಾಜನೂರು_ಫಿಟ್ಟರ್

ಐಡ್ಲರ್ ಮತ್ತು ಹಿಂದಿನ ದೊಡ್ಡ ಸ್ಪ್ರಿಂಗ್ ಬಗ್ಗೆ ಯಾರೂ ಹೇಳಿಲ್ಲ. ಇದು ಪ್ರಾಣಕ್ಕೆ ಸಂಬಂಧಪಟ್ಟ ವಿಷಯ, ಗಮನ ಇಟ್ಟು ಓದಿ.

ರೀಕಾಯಿಲ್ ಸ್ಪ್ರಿಂಗ್ (ಐಡ್ಲರ್ ಮೇಲೆ ಬೀಳೋ ಹೊಡೆತ ತಡೆಯೋ ಆ ದೊಡ್ಡ ಸ್ಪ್ರಿಂಗ್) ಒಳಗೆ ಟನ್ನುಗಟ್ಟಲೆ ಬಲ ಒತ್ತಿ ಕಟ್ಟಿದ್ದಾರೆ. ಸ್ಪ್ರಿಂಗ್ ಮುರಿದಿಲ್ಲ ಅಂದ್ರೆ ಆ ಕಟ್ಟಿನ ಉದ್ದ ಬೋಲ್ಟಿಗೆ ಕೈ ಹಾಕಲೇಬೇಡಿ. ಇಡೀ ಕಟ್ಟನ್ನು ಹಾಗೇ ತೊಳೆದು, ಬಣ್ಣ ಹೊಡೆದು ವಾಪಸ್ ಕೂರಿಸಿ. ಮುರಿದಿದ್ರೆ ಗಾರ್ಡ್ ಇರೋ ಹೈಡ್ರಾಲಿಕ್ ಪ್ರೆಸ್‌ನಲ್ಲೇ ಬಿಚ್ಚಬೇಕು. ಗ್ಯಾಸ್ ಕಟ್ಟರ್‌ನಿಂದ ನಟ್ ಕತ್ತರಿಸೋದು, ಎರಡು ಚೈನ್ ಪುಲ್ಲಿ ಹಾಕಿ ಹಿಡಿದು ಬಿಚ್ಚೋದು, ಇದ್ಯಾವುದೂ ಬೇಡ. ಒಳಗೆ ಸ್ಪ್ರಿಂಗ್ ತುಂಡಾಗಿದ್ರೂ ಬಲ ಉಳಿದಿರುತ್ತೆ.

ನಿಮ್ಮ ಗಾಡಿಯ ಅಡ್ಜಸ್ಟರ್ ಸ್ಕ್ರೂ ನಮೂನೆಯದು. ಥ್ರೆಡ್ ಪೂರ್ತಿ ವೈರ್ ಬ್ರಷ್ ಹೊಡೆದು ಗ್ರಾಫೈಟ್ ಗ್ರೀಸ್ ಹಚ್ಚಿ, ಕೈ ಸ್ಪ್ಯಾನರ್‌ನಲ್ಲಿ ತುದಿಯಿಂದ ತುದಿಗೆ ಓಡೋ ಹಾಗೆ ಮಾಡಿ. ಈಗ ಮಾಡದಿದ್ರೆ ಎರಡು ಮಳೆಗಾಲ ಕಳೆಯೋದ್ರೊಳಗೆ ಅದು ಒಂದೇ ಕಬ್ಬಿಣ ಆಗುತ್ತೆ. ಗ್ರೀಸ್ ಅಡ್ಜಸ್ಟರ್ ಇರೋ ಗಾಡಿಯವರು ಬಿಡಿಸೋವಾಗ ಪ್ಲಗ್ ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು, ಮುಖ ಅದರ ಎದುರು ಇಡಬಾರದು. ಒತ್ತಡದ ಗ್ರೀಸ್ ಚರ್ಮದೊಳಗೆ ನುಗ್ಗುತ್ತೆ.

ಐಡ್ಲರ್ ಫ್ರೇಮಿನ ಮೇಲೆ ಮುಂದೆ ಹಿಂದೆ ಸರಾಗ ಜಾರಬೇಕು, ಪಕ್ಕಕ್ಕೆ ಆಡಬಾರದು. ಪಕ್ಕದ ಗೈಡ್ ಪ್ಲೇಟ್ ಹಿಂದೆ ಶಿಮ್ (ತೆಳು ತಗಡು) ಇರುತ್ತೆ. ಪ್ರತಿ ಬದಿ 0.5ರಿಂದ 1 ಮಿ.ಮೀ. ಸಂದು ಇರೋ ಹಾಗೆ ಶಿಮ್ ಹಾಕಿ. ಎರಡೂ ಬದಿ ಸಮ ಇರಲಿ, ಇಲ್ಲದಿದ್ರೆ ಹಳೆಕಬ್ಬಿಣ ಅವರು ಹೇಳಿದ ಅಳತೆಯೆಲ್ಲ ವ್ಯರ್ಥ.

ತೀರ್ಥಹಳ್ಳಿ_ಚೈನ್

ಅಳೆದೆ. ಹಿಂದೆ 1524, ಮುಂದೆ 1537. ಎಡ ಬ್ರೇಸ್‌ನ ಒಳ ಬುಷ್ ಪೂರ್ತಿ ಹೋಗಿದೆ, ಕ್ಯಾಪ್‌ನ ಎರಡು ಬೋಲ್ಟ್ ಕೈಯಲ್ಲೇ ತಿರುಗ್ತಿದ್ವು. ಬುಷ್ ಮಾಡಿಸಲು ಕೊಟ್ಟಿದೆ. ಈಗ ಚೈನಿನ ಅಳತೆ ಹೇಗೆ ತಗೊಳ್ಳೋದು? ಹೊಸದರ ಪಿಚ್ (ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಇರೋ ದೂರ) ಎಷ್ಟು ಅಂತ ನೋಡಲು ನಮ್ಮ ಹತ್ರ ಪುಸ್ತಕ ಇಲ್ಲ.

ಸೊರಬ_ಡಿ50

ಪುಸ್ತಕ ಇಲ್ಲದಿದ್ರೂ ಚೈನೇ ಹೇಳುತ್ತೆ. ಚೈನ್ ಉದ್ದ ಆಗೋದು ಲಿಂಕ್ ಎಳೆದುಕೊಂಡು ಅಲ್ಲ, ಪಿನ್ನು ಮತ್ತು ಬುಷ್‌ನ ಒಳಮೈ ಸವೆದು. ಒಂದೇ ಲಿಂಕಿನ ಪಿನ್ ತೂತಿನ ನಡುವಿಂದ ಬುಷ್ ತೂತಿನ ನಡುವಿಗೆ ಇರೋ ದೂರ ಬದಲಾಗಲ್ಲ. ಅದೇ ನಿಮ್ಮ ಹೊಸ ಪಿಚ್. ಅದನ್ನು ನಾಲ್ಕರಿಂದ ಗುಣಿಸಿ ಇಟ್ಟುಕೊಳ್ಳಿ.

ಆಮೇಲೆ ಚೈನನ್ನು ನೆಲದ ಮೇಲೆ ನೇರ ಹಾಸಿ, ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಚೈನ್ ಪುಲ್ಲಿಯಿಂದ ಎಳೆದು ಬಿಗಿ ಮಾಡಿ. ಸಡಿಲ ಇರೋ ಚೈನ್ ಅಳೆದ್ರೆ ಸುಳ್ಳು ಲೆಕ್ಕ ಬರುತ್ತೆ. ಒಂದು ಪಿನ್ನಿನ ತುದಿಯ ಅಂಚಿಂದ ಐದನೇ ಪಿನ್ನಿನ ಅದೇ ಬದಿ ಅಂಚಿನವರೆಗೆ ಅಳೆದ್ರೆ ನಾಲ್ಕು ಪಿಚ್. ಮಾಸ್ಟರ್ ಜಾಯಿಂಟ್ (ಚೈನ್ ಬಿಚ್ಚಿ ಸೇರಿಸೋ ಜಾಯಿಂಟ್) ಮಧ್ಯೆ ಬರಬಾರದು. ಎರಡು ಮೂರು ಕಡೆ ಅಳೆದು, ಗುಣಿಸಿಟ್ಟದ್ದನ್ನು ಕಳೆದು ನಾಲ್ಕರಿಂದ ಭಾಗಿಸಿ. ನಮ್ಮ ಡಿ50 ಪಿಚ್ ಹೊಸದರಲ್ಲಿ 175 ಮಿ.ಮೀ. ಚಿಲ್ಲರೆ, ಒಂದಕ್ಕೆ 3 ಮಿ.ಮೀ. ಹೆಚ್ಚಿದ್ರೆ ಪಿನ್ ಬುಷ್ ತಿರುಗಿಸಬೇಕು ಅಂತ ಲೆಕ್ಕ. ನಿಮ್ಮದೂ ಹೆಚ್ಚು ಕಡಿಮೆ ಅದೇ ಗಾತ್ರದ ಗಾಡಿ.

ತೀರ್ಥಹಳ್ಳಿ_ಚೈನ್

ನಾಲ್ಕು ಪಿಚ್‌ಗೆ ಎಡ ಚೈನು 11 ಮಿ.ಮೀ. ಜಾಸ್ತಿ, ಬಲ ಚೈನು 7 ಮಿ.ಮೀ. ಜಾಸ್ತಿ. ಒಬ್ಬರು ಒಂದು ಲಿಂಕ್ ಕಿತ್ತು ಹಾಕಿ, ಅಡ್ಜಸ್ಟರ್‌ಗೆ ಜಾಗ ಸಿಗುತ್ತೆ ಅಂದ್ರು.

ಹಳೆಕಬ್ಬಿಣ

ಲಿಂಕ್ ಕಿತ್ತರೆ ಚೈನಿನ ಉದ್ದ ಕಡಿಮೆ ಆಗುತ್ತೆ, ಪಿಚ್ ಕಡಿಮೆ ಆಗಲ್ಲ. ಸ್ಪ್ರಾಕೆಟ್ ಹಲ್ಲಿಗೆ ಬೇಕಾಗಿರೋದು ಪಿಚ್. ಬುಷ್ ಹಲ್ಲಿನ ಬುಡಕ್ಕೆ ಕೂರದೆ ತುದಿ ಹತ್ತಿ ಜಾರುತ್ತಲೇ ಇರುತ್ತೆ, ಭಾರ ಎಳೆಯೋವಾಗ ಟಕ್ ಟಕ್ ಅಂತ ಹಾರುತ್ತೆ. ಆ ಸಲಹೆ ಬೇಡ.

ನಿಮ್ಮ ಎಡದ್ದು ಒಂದಕ್ಕೆ 2.75, ಬಲದ್ದು 1.75. ತಿರುಗಿಸಲು ಇದೇ ಸರಿಯಾದ ಹೊತ್ತು, ಆದರೆ ಒಂದು ಷರತ್ತು. ಬುಷ್‌ನ ಹೊರಮೈ ನೋಡಿ. ಅದರ ಗಟ್ಟಿ ಪದರ ಕೆಲವೇ ಮಿ.ಮೀ. ಆಳ. ಸವೆತ ಆ ಪದರ ದಾಟಿದ್ರೆ ತಿರುಗಿಸಿದ ಮೇಲೆ ಬುಷ್ ಸೀಳುತ್ತೆ. ಕ್ಯಾಲಿಪರ್‌ನಲ್ಲಿ ಸುತ್ತ ಅಳೆದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ವ್ಯಾಸದ ಅಂತರ ಬರೆದುಕೊಳ್ಳಿ. ಫೈಲ್ ಕೂಡ ಎಳೆದು ನೋಡಿ: ಸವೆದ ಜಾಗದಲ್ಲಿ ಫೈಲ್ ಜಾರಿದ್ರೆ ಗಟ್ಟಿ ಪದರ ಇನ್ನೂ ಇದೆ, ಕಚ್ಚಿದ್ರೆ ಮುಗಿದಿದೆ. ಉದ್ದುದ್ದ ಗೆರೆ ಬಿರುಕು ಕಂಡ ಬುಷ್ ಎತ್ತಿಡಿ.

ಎರಡೂ ಕಡೆ ಒಟ್ಟಿಗೇ ತಿರುಗಿಸಿ. ಒಂದು ಹೊಸತಾಗಿ ಒಂದು ಹಳೇದಾಗಿ ಉಳಿದ್ರೆ ಗಾಡಿ ಒಂದು ಕಡೆಗೇ ಎಳೆಯುತ್ತೆ, ಸ್ಟೀರಿಂಗ್ ಕ್ಲಚ್ ಸುಮ್ಮನೆ ಸವೆಯುತ್ತೆ.

ಸ್ಪ್ರಾಕೆಟ್ ಒಂದು ಮುಖ ತಿಂದಿದೆ ಅಂದ್ರಿ. ಸೀಲ್‌ಗೋಸ್ಕರ ಎಡದ್ದು ಎಳೆಯಲೇಬೇಕು, ಬಲದ್ದೂ ಎಳೆದು, ಎಡಬಲ ಅದಲು ಬದಲು ಕೂರುತ್ತಾ ನೋಡಿ. ಕೂತರೆ ಸವೆಯದ ಮುಖ ಮುಂದಕ್ಕೆ ಬರುತ್ತೆ. ಹಲ್ಲಿನ ತುದಿ ಚೂಪಾಗಿದ್ರೆ ಮಾತ್ರ ಅದಕ್ಕೂ ಅರ್ಥ ಇಲ್ಲ. ಈ ಸ್ಪ್ರಾಕೆಟ್‌ಗಳಿಗೆ ಹಲ್ಲಿನ ಸಂಖ್ಯೆ ಬೆಸ ಇರೋದು ಸುಮ್ಮನೆ ಅಲ್ಲ: ಬುಷ್ ಒಂದು ಹಲ್ಲು ಬಿಟ್ಟು ಒಂದಕ್ಕೆ ಕೂರುತ್ತೆ, ಬೆಸ ಆದ್ದರಿಂದ ಮುಂದಿನ ಸುತ್ತಿಗೆ ಬಿಟ್ಟ ಹಲ್ಲಿಗೆ ಕೂರುತ್ತೆ, ಸವೆತ ಹಂಚಿಹೋಗುತ್ತೆ.

ಗಾಜನೂರು_ಫಿಟ್ಟರ್

ತಿರುಗಿಸೋ ಕೆಲಸ ಟ್ರ್ಯಾಕ್ ಪ್ರೆಸ್ ಇಲ್ಲದೆ ಆಗಲ್ಲ. ಮಾಮೂಲಿ ಗ್ಯಾರೇಜಿನ 20 ಟನ್ ಪ್ರೆಸ್ ಸಾಲದು. ಶಿವಮೊಗ್ಗದಲ್ಲಿ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸಿ, ಇಲ್ಲಾಂದ್ರೆ ಗಣಿ ಗಾಡಿಗಳು ಹೆಚ್ಚಿರೋ ಹೊಸಪೇಟೆ ಕಡೆ. ಲಿಂಕ್ ಕಾಯಿಸಿ ಪಿನ್ನು ಹೊಡೆದು ತೆಗೀತೀವಿ ಅನ್ನೋರಿಗೆ ಕೊಡಬೇಡಿ. ಕೆಂಪಗೆ ಕಾಯಿಸಿದ ಲಿಂಕ್ ತನ್ನ ಗಟ್ಟಿತನ ಕಳಕೊಳ್ಳುತ್ತೆ, ತೂತು ಅಗಲ ಆಗುತ್ತೆ, ಆಮೇಲೆ ಪಿನ್ನು ನಡೆದು ಹೊರಗೆ ಬರುತ್ತೆ.

ಕೊಡೋ ಮೊದಲು ತುಕ್ಕು ಹಿಡಿದ ಜಾಯಿಂಟ್‌ಗಳನ್ನು ಡೀಸೆಲ್, ಹಳೇ ಎಂಜಿನ್ ಆಯಿಲ್ ಸಮ ಪ್ರಮಾಣ ಬೆರೆಸಿ ನೆನೆಸಿಡಿ. ಪ್ರೆಸ್ ಮಾಡಿಸೋವಾಗ ಪ್ರತಿ ಜಾಯಿಂಟ್ ಕೈಯಿಂದ ಮಡಚಿ ನೋಡಿ ತಗೊಳ್ಳಿ.

ಸಾಗರ_ಅಡಿಕೆ

ಚೈನ್ ಓಡೋವಾಗಲೂ ಪಿನ್ನಿಗೆ ಹಳೇ ಆಯಿಲ್ ಬಿಡ್ತಾ ಇದ್ರೆ ಸವೆತ ಕಡಿಮೆ ಆಗಲ್ವಾ?

ಗಾಜನೂರು_ಫಿಟ್ಟರ್

ಇಲ್ಲ. ಡ್ರೈ ಪಿನ್ನಿಗೆ ಎಣ್ಣೆ ಬಿಟ್ರೆ ನಮ್ಮ ಕೆಂಪು ಮಣ್ಣಿನ ಮರಳು ಅದಕ್ಕೆ ಅಂಟಿ ಲ್ಯಾಪಿಂಗ್ ಪೇಸ್ಟೇ ಆಗುತ್ತೆ. ನೆನೆಸೋದು ಬಿಗಿ ಬಿಡಿಸಲಿಕ್ಕೆ ಮಾತ್ರ. ಓಡಿಸೋವಾಗ ಒಣಗಿರಲಿ.

ಸಾಗರ_ಅಡಿಕೆ

ಚೈನಿಗೆ ದಿಕ್ಕು ಇದೆಯಾ? ಮೇಲಿನ ಸಾಲಿನಲ್ಲಿ ಲಿಂಕಿನ ಬುಷ್ ತುದಿ ಮುಂದಕ್ಕಿರಬೇಕು ಅಂತ ಕೇಳಿದ್ದೆ.

ಹಳೆಕಬ್ಬಿಣ

ದಿಕ್ಕು ಇದೆ, ಆದರೆ ನೀವು ಕೇಳಿದ್ದು ಉಲ್ಟಾ. ನೆಲದ ಮೇಲಿರೋ ಸಾಲಿನಲ್ಲಿ ಬುಷ್ ತುದಿ ಮುಂದಕ್ಕೆ, ಮೇಲಿನ ಸಾಲಿನಲ್ಲಿ ಪಿನ್ ತುದಿ ಮುಂದಕ್ಕೆ.

ಕಾರಣ ಇದು. ಮುಂದೆ ಹೋಗೋವಾಗ ಬಿಗಿ ಇರೋದು ಕೆಳಗಿನ ಸಾಲು, ಅದು ಹಿಂದಿನಿಂದ ಸ್ಪ್ರಾಕೆಟ್‌ಗೆ ಏರುತ್ತೆ. ಸರಿಯಾದ ದಿಕ್ಕಿದ್ರೆ, ಆಗಲೇ ಹಲ್ಲಿಗೆ ಸುತ್ತಿಕೊಂಡ ಲಿಂಕಿಗೇ ಬುಷ್ ಸೇರಿರುತ್ತೆ. ಅದರ ಬೆನ್ನಿಗೆ ಏರಿ ಬರೋ ಲಿಂಕ್ ಮಡಚಿಕೊಳ್ಳೋವಾಗ ಪಿನ್ನು ಬುಷ್ ಒಳಗೆ ತಿರುಗುತ್ತೆ, ಬುಷ್ ಹಲ್ಲಿನ ಮೇಲೆ ಉಜ್ಜಲ್ಲ. ಹಿಂದಕ್ಕೆ ಹೋಗೋವಾಗ ಇದು ತಿರುಗುಮುರುಗು, ಬುಷ್ ಭಾರ ಹೊತ್ತು ಹಲ್ಲಿನ ಮೇಲೆ ಉಜ್ಜುತ್ತೆ. ಡೋಜರ್ ರಿವರ್ಸ್ ವೇಗವಾಗಿ ಓಡಿಸಿದ್ರೆ ಬುಷ್ ಬೇಗ ಹೋಗೋದು ಇದಕ್ಕೇ. ಉಲ್ಟಾ ಹಾಕಿದ್ರೆ ಮುಂದೆ ತಳ್ಳೋ ಪ್ರತಿ ಅಡಿಗೂ ಆ ಉಜ್ಜಾಟ.

ಗಾಜನೂರು_ಫಿಟ್ಟರ್

ಈಗ ಚೈನ್ ಹಾಕೋದು. ಅಡ್ಜಸ್ಟರ್ ಪೂರ್ತಿ ಹಿಂದಕ್ಕೆ. ಚೈನನ್ನು ರೋಲರ್ ಸಾಲಿನ ಅಡಿಗೆ ದಿಕ್ಕು ನೋಡಿ ನೇರ ಹಾಸಿ, ಗಾಡಿಯನ್ನು ನಿಧಾನ ಅದರ ಮೇಲೆ ಇಳಿಸಿ, ರೋಲರ್ ಫ್ಲೇಂಜ್ ಲಿಂಕ್ ಸಾಲಿನೊಳಗೆ ಕೂತಿದೆಯಾ ಎರಡೂ ಕಡೆ ನೋಡಿ. ಹಿಂದೆ ಉಳಿದ ತುದಿಯನ್ನು ಚೈನ್ ಪುಲ್ಲಿಯಿಂದ ಎತ್ತಿ ಸ್ಪ್ರಾಕೆಟ್ ಹಲ್ಲಿಗೆ ಕೊಡಿ. ಸ್ಪ್ರಾಕೆಟ್ ನಿಧಾನ ಮುಂದಕ್ಕೆ ತಿರುಗಿದ್ರೆ ತಾನೇ ಎಳೆದು ಟಾಪ್ ರೋಲರ್ ಮೇಲೆ ಕಳಿಸುತ್ತೆ. ಆ ಹೊತ್ತಿಗೆ ಯಾರ ಕೈಯೂ ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಇರಬಾರದು, ಸೀಟಿನಲ್ಲಿ ಕೂತೋನಿಗೆ ಸನ್ನೆ ಕೊಡೋನು ಒಬ್ಬನೇ ಇರಲಿ.

ಎರಡೂ ತುದಿ ಐಡ್ಲರ್ ಮುಂದೆ, ನಡು ಎತ್ತರದಲ್ಲಿ ಸೇರಲಿ. ಕೆಳಗಿನ ತುದಿಯ ಶೂ (ನೆಲಕ್ಕೆ ತಾಗೋ ಅಡ್ಡ ಪಟ್ಟಿ) ಅಡಿಗೆ ಮರದ ತುಂಡು ಕೊಡಿ, ಮೇಲಿನದನ್ನು ಪುಲ್ಲಿಯಿಂದ ಎಳೀರಿ. ಮಾಸ್ಟರ್ ಬುಷ್ ಬೇರೆ ಬುಷ್‌ಗಿಂತ ಗಿಡ್ಡ, ಎರಡೂ ಬದಿ ಲಿಂಕಿನ ಗುಳಿಯಲ್ಲಿ ಸ್ಪೇಸರ್ ರಿಂಗ್ ಕೂರುತ್ತೆ. ಗ್ರೀಸ್ ಹಚ್ಚಿ ಅಂಟಿಸಿಟ್ಟುಕೊಳ್ಳಿ, ಸೇರಿಸೋವಾಗ ಬಿದ್ದುಹೋದ್ರೆ ಗೊತ್ತೇ ಆಗಲ್ಲ. ಅದಿಲ್ಲದ ಜಾಯಿಂಟ್ ಮೊದಲ ವರ್ಷವೇ ಸವೆದು ಕೂರುತ್ತೆ. ತೂತುಗಳು ಸರಿಹೊಂದಿವೆಯಾ ಅಂತ ಚೂಪು ಮಾಡಿದ ಸುಳ್ಳು ಪಿನ್ನು ತೂರಿಸಿ ನೋಡಿದ ಮೇಲೆ ಮಾಸ್ಟರ್ ಪಿನ್ನು. ಪೋರ್ಟಬಲ್ ಪ್ರೆಸ್ ಸಿಕ್ಕರೆ ಅದೇ ಒಳ್ಳೇದು. ಸಮ್ಮಟಿಗೆಯಲ್ಲೇ ಹೊಡೆಯೋದಾದ್ರೆ ನಡುವೆ ಮೆದು ಕಬ್ಬಿಣದ ಅಥವಾ ಹಿತ್ತಾಳೆ ತುಂಡು, ಎದುರು ಬದಿ ಭಾರದ ಕಬ್ಬಿಣ ಒತ್ತಿಹಿಡಿದು. ಗಟ್ಟಿ ಪಿನ್ನಿನ ಮೇಲೆ ಗಟ್ಟಿ ಸುತ್ತಿಗೆ ನೇರ ಬಿದ್ರೆ ಚೂರು ಗುಂಡಿನ ವೇಗದಲ್ಲಿ ಹಾರುತ್ತೆ. ಹೊಡೆಯೋನಿಗೂ ಹಿಡಿಯೋನಿಗೂ ಕನ್ನಡಕ ಬೇಕೇ ಬೇಕು.

ಶೂ ಬೋಲ್ಟ್: ಶೂ ಮತ್ತು ಲಿಂಕ್ ಕೂರೋ ಮುಖದಲ್ಲಿ ಬಣ್ಣ, ತುಕ್ಕು, ಮಣ್ಣು ಏನೂ ಇರಬಾರದು. ಬಣ್ಣ ಮೇಲೆ ಬಿಗಿ ಮಾಡಿದ್ರೆ ಅದು ಸವೆದುಹೋದ ದಿನ ಬೋಲ್ಟ್ ಸಡಿಲ. ಥ್ರೆಡ್‌ಗೆ ಎಣ್ಣೆ, ಹೊಸ ನಟ್, ಸ್ಪ್ರಿಂಗ್ ವಾಷರ್ ಬೇಡ, ಕೋನಾಕೋನಿ ಕ್ರಮದಲ್ಲಿ ಮೊದಲು ಟಾರ್ಕ್, ಆಮೇಲೆ ಎಲ್ಲಕ್ಕೂ ಮೂರನೇ ಒಂದು ಸುತ್ತು.

ಸೊರಬ_ಡಿ50

ಸಡಿಲ ಎಷ್ಟು ಅನ್ನೋದಕ್ಕೆ: ಗಾಡಿಯನ್ನು ಸಮ ನೆಲದಲ್ಲಿ ಸ್ವಲ್ಪ ಮುಂದೆ ಓಡಿಸಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಿ. ಟಾಪ್ ರೋಲರ್‌ನಿಂದ ಐಡ್ಲರ್‌ಗೆ ಚೈನ್ ಮೇಲೆ ನೇರ ಪಟ್ಟಿ ಇಟ್ಟು, ನಡುವೆ ಶೂ ಮೂತಿಗೂ ಪಟ್ಟಿಗೂ ಇರೋ ಸಂದು ಅಳೀರಿ. ಡಿ50ಗೆ 20ರಿಂದ 30 ಮಿ.ಮೀ. ಹಳೇ ಡಿ4ಗೆ 1ರಿಂದ ಒಂದೂವರೆ ಇಂಚು ಇಟ್ಟುಕೊಳ್ಳಿ.

ಅಳೆಯೋದು ಕೆಲಸ ಮಾಡೋ ಸ್ಥಿತಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರಾಕೆಟ್ ಹಲ್ಲಿನ ಬುಡದಲ್ಲಿ ಜಿಗುಟು ಮಣ್ಣು ಮೆತ್ತಿಕೊಂಡು ಚೈನ್ ತಾನೇ ಬಿಗಿ ಆಗುತ್ತೆ. ಶೆಡ್ಡಿನಲ್ಲಿ ತೊಳೆದ ಚೈನಿಗೆ ಒಂದು ಇಂಚು ಬಿಟ್ಟು ಗದ್ದೆಗೆ ಇಳಿಸಿದ್ರೆ ಅರ್ಧ ದಿನದಲ್ಲಿ ತಂತಿ ಹಾಗೆ ನಿಲ್ಲುತ್ತೆ, ಐಡ್ಲರ್ ಬುಷ್, ಫೈನಲ್ ಡ್ರೈವ್ ಬೇರಿಂಗ್ ಎಲ್ಲದರ ಮೇಲೂ ಭಾರ. ಮಳೆಗಾಲಕ್ಕೆ ಒಂದೂವರೆ ಇಂಚಿನ ಕಡೆಗೇ ಇರಲಿ. ಡಿಸೆಂಬರ್ ನಂತರ ಒಣ ಜಂಬೆ ಮಣ್ಣಲ್ಲಿ ಮತ್ತೆ ಒಂದು ಇಂಚಿಗೆ ತನ್ನಿ, ಸಡಿಲ ಬಿಟ್ರೆ ಗುಡ್ಡದ ಓರೆಯಲ್ಲಿ ತಿರುಗಿಸೋವಾಗ ಚೈನ್ ಕಳಚುತ್ತೆ.

ಹಳೆಕಬ್ಬಿಣ

ಇದಕ್ಕೆ ಸೇರಿಸೋದು: ರೋಲರ್ ಉದ್ದಕ್ಕೂ ಮುಚ್ಚೋ ರಾಕ್ ಗಾರ್ಡ್ ನಮ್ಮ ಕೆಸರಿಗೆ ಶತ್ರು. ಕ್ವಾರಿಯಲ್ಲಿ ಅದು ಬೇಕು. ಇಲ್ಲಿ ಒಳಗೆ ಮಣ್ಣು ತುಂಬಿ ಗಟ್ಟಿಯಾಗಿ ರೋಲರ್ ತಿರುಗದ ಹಾಗೆ ಹಿಡಿಯುತ್ತೆ. ತಿರುಗದ ರೋಲರ್ ಒಂದೇ ಕಡೆ ಉಜ್ಜಿ ಚಪ್ಪಟೆ ಆಗುತ್ತೆ. ನಿಮ್ಮ ಎಡಗಡೆ ಹಿಡಿದುಕೊಂಡ ಎರಡು ರೋಲರ್ ಮುಖದಲ್ಲಿ ಚಪ್ಪಟೆ ಕಂಡ್ರೆ ಕಾರಣ ಅದೇ ಇರಬಹುದು. ಎರಡು ತುದಿಯ ಗಿಡ್ಡ ಗಾರ್ಡ್ ಸಾಕು. ಸಂಜೆ ಕೆಲಸ ಮುಗಿದ ತಕ್ಷಣ ಹಸಿ ಇರೋವಾಗಲೇ ಸನಿಕೆಯಿಂದ ಮಣ್ಣು ಕೆರೆದು, ಹಲಗೆ ಮೇಲೆ ನಿಲ್ಲಿಸಿ.

ತೀರ್ಥಹಳ್ಳಿ_ಚೈನ್

ಚಪ್ಪಟೆ ಇದೆ, ಎರಡಕ್ಕೂ. ಉದ್ದ ಗಾರ್ಡೇ ಇತ್ತು, ಅದನ್ನು ವಾಪಸ್ ಹಾಕಲ್ಲ. ಬ್ರೇಸ್ ಬುಷ್ ಕೂತಿದೆ, ಮುಂದೆ ಈಗ 1525. ರೋಲರ್ ಲೇತ್‌ಗೆ ಹೋಗಿದೆ. ಮೊದಲ ದಿನ ಓಡಿಸೋವಾಗ ಏನೇನು ನೋಡಬೇಕು?

ಲೇತ್_ಮಾಚೇನಹಳ್ಳಿ

ಒಂದನೇ ಗೇರಿನಲ್ಲಿ, ಭಾರ ಇಲ್ಲದೆ ಅರ್ಧ ಗಂಟೆ. ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪ್ರತಿ ರೋಲರ್ ಶಾಫ್ಟ್ ತುದಿ ಮುಟ್ಟಿ. ಬೆಚ್ಚಗಿದ್ರೆ ಸರಿ, ಕೈ ಇಡಲು ಆಗದಿದ್ರೆ ಬುಷ್ ಬಿಗಿ ಅಥವಾ ಎಣ್ಣೆ ತಲುಪಿಲ್ಲ, ಆ ರೋಲರ್ ಬಿಚ್ಚಿ. ಒಂದೇ ಒಂದು ತಣ್ಣಗಿದ್ರೂ ನೋಡಿ, ಅದು ತಿರುಗ್ತಾ ಇಲ್ಲದಿರಬಹುದು. ಸೀಮೆಸುಣ್ಣದಲ್ಲಿ ಗೆರೆ ಹಾಕಿ ಒಂದು ಅಡಿ ಓಡಿಸಿದ್ರೆ ಗೊತ್ತಾಗುತ್ತೆ.

ಗಾಜನೂರು_ಫಿಟ್ಟರ್

ಐಡ್ಲರ್ ಫ್ಲೇಂಜಿನ ಎರಡೂ ಬದಿಗೆ ತೆಳು ಬಣ್ಣ ಹೊಡೆದಿಡಿ. ಎರಡು ಗಂಟೆ ಓಡಿದ ಮೇಲೆ ಬಣ್ಣ ಎರಡೂ ಬದಿ ಸಮ ಹೋಗಿದ್ರೆ ಫ್ರೇಮ್ ನೇರ ಇದೆ. ಒಂದೇ ಬದಿ ಹೋಗಿದ್ರೆ ಗೈಡ್ ಪ್ಲೇಟ್ ಶಿಮ್ ಒಂದು ಬದಿಯಿಂದ ತೆಗೆದು ಇನ್ನೊಂದು ಬದಿಗೆ ಹಾಕಿ, ಮತ್ತೆ ಬಣ್ಣ ಹೊಡೆದು ನೋಡಿ.

ಹತ್ತು ಗಂಟೆಗೆ ಶೂ ಬೋಲ್ಟ್, ರೋಲರ್ ಬೋಲ್ಟ್, ಬ್ರೇಸ್ ಕ್ಯಾಪ್ ಬೋಲ್ಟ್ ಎಲ್ಲ ಪರೀಕ್ಷಿಸಿ, 50 ಗಂಟೆಗೆ ಇನ್ನೊಮ್ಮೆ. ಪಿನ್ ಬುಷ್ ತಿರುಗಿಸಿದ ಚೈನು ಮೊದಲು ಕೂತುಕೊಂಡು ಸ್ವಲ್ಪ ಸಡಿಲ ಆಗುತ್ತೆ, ಹತ್ತು ಗಂಟೆಗೆ ಅದನ್ನೂ ಅಳೀರಿ. ಎಡ ಫೈನಲ್ ಡ್ರೈವ್‌ಗೆ ನೀರು ಹೋಗಿತ್ತು ಅಂದ್ರಿ, ಹಾಗಾಗಿ ಹೊಸ ಸೀಲ್ ಹಾಕಿದ ಮೇಲೂ ಮೊದಲ 50 ಗಂಟೆಗೆ ಆ ಆಯಿಲ್ ಪೂರ್ತಿ ಇಳಿಸಿ ಬದಲಿಸಿ. ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿ, ಮೊದಲು ಬರೋ ಅರ್ಧ ಲೋಟ ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟು ನೋಡಿ. ತಳದಲ್ಲಿ ನೀರು ಬೇರೆಯಾಗಿ ನಿಂತ್ರೆ ಸೀಲ್ ಮುಖ ಕೂತಿಲ್ಲ.